ಸಂಶೋಧನೆಗೆ ಹೋಗುವ ಮಕ್ಕಳಿಗೆ: ಜೀವಭೌತವಿಜ್ಞಾನದ ಒಂದು ಪಾಠ



ನಮಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಇಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ ಓದುವ ಮಕ್ಕಳವು. ಬಿ.ಎಸ್ಸಿ. ಮುಗಿಸಿ ಸಂಶೋಧನೆಗೆ ಹೋಗುತ್ತೇನೆ ಎಂದು ಬರೆಯುವವರು ಕಡಿಮೆ. ಅಂಥ ಅರ್ಜಿ ಬಂದಾಗ ದಾನಿಗಳು ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಇನ್ನೂ ಏಳೆಂಟು ವರ್ಷ ಓದಿದರೆ ಮನೆಗೆ ಆಸರೆಯಾಗುವುದು ಯಾವಾಗ? ಮನೆಯವರ ಪ್ರಶ್ನೆ ಇನ್ನೂ ನೇರ: ಅದನ್ನು ಓದಿ ಏನಾಗ್ತಾಳೆ? ಈ ವರ್ಷದ ಪಾಠವನ್ನು ಅದಕ್ಕಾಗಿಯೇ ಆರಿಸಿದ್ದೇವೆ.

ದೇಹದೊಳಗೆ ನಡೆಯುವುದನ್ನು ವಿದ್ಯುತ್ತು, ಬಲ, ಬೆಳಕು, ಶಾಖಗಳ ಅಳತೆಯಿಂದ ತಿಳಿಯುವುದು ಜೀವಭೌತವಿಜ್ಞಾನ. ಆಸ್ಪತ್ರೆಯ ಇಸಿಜಿ ಕಾಗದ ನಾವೆಲ್ಲ ಕಂಡಿರುವ ಉದಾಹರಣೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಭಾಗವನ್ನು ಕಟ್ಟಿದ ಜಿ.ಎನ್. ರಾಮಚಂದ್ರನ್ ಭೌತವಿಜ್ಞಾನಿ, ಸಿ.ವಿ. ರಾಮನ್ ಅವರ ಶಿಷ್ಯರು. ಪ್ರೋಟೀನುಗಳ ಮಡಿಕೆ ಕುರಿತು 1963ರಲ್ಲಿ ಅವರ ತಂಡ ಪ್ರಕಟಿಸಿದ ನಕ್ಷೆ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ಎದುರು ದಾರಿಯಿಂದ ಬಂದವರು ಒಬೈದ್ ಸಿದ್ದೀಕಿ. ಉತ್ತರ ಪ್ರದೇಶದಲ್ಲಿ 1932ರಲ್ಲಿ ಹುಟ್ಟಿ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿ, ಗ್ಲಾಸ್ಗೋದಲ್ಲಿ ಪಿಎಚ್.ಡಿ. ಮಾಡಿದ ಜೀವವಿಜ್ಞಾನಿ. ಹೋಮಿ ಭಾಭಾ ಅವರ ಕರೆಯ ಮೇಲೆ 1962ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಅದು ಗಣಿತ, ಭೌತವಿಜ್ಞಾನದವರೇ ತುಂಬಿದ್ದ ಜಾಗ. ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವನ್ನು ಕಟ್ಟಿದವರೂ ಅವರೇ.

ಅವರ ಒಂದು ಕೆಲಸವನ್ನಷ್ಟೇ ನೋಡೋಣ. ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣದಲ್ಲಿ ಒಂದು ವಿಚಿತ್ರ ತಳಿಯಿದೆ. ಸ್ವಲ್ಪ ಬಿಸಿ ಏರಿದರೆ ನೊಣ ಮಗುಚಿ ಬೀಳುತ್ತದೆ. ತಂಪಾದೊಡನೆ ಎದ್ದು ಹಾರುತ್ತದೆ. ಸಿದ್ದೀಕಿ ಮತ್ತು ಸೀಮೋರ್ ಬೆನ್ಜರ್ ಇಂಥ ನೊಣಗಳ ನರ, ಸ್ನಾಯುಗಳ ವಿದ್ಯುತ್ತನ್ನು ಅಳೆದು, ದೋಷ ಎಲ್ಲಿದೆ ಎಂದು ಹುಡುಕಿ 1976ರಲ್ಲಿ ಪ್ರಕಟಿಸಿದರು. ಒಂದು ತಳಿಯ ದೋಷ ಸೋಡಿಯಂ ಒಳಬರುವ ಬಾಗಿಲಿನ ಜೀನಿನಲ್ಲಿದೆ ಎಂದು ಬೇರೆಯವರು ಕಂಡುಹಿಡಿದಾಗ 1989. ಮನುಷ್ಯರಲ್ಲಿ ಇದೇ ಬಗೆಯ ಬಾಗಿಲು ಕೆಟ್ಟರೆ ಕೆಲವು ಮಕ್ಕಳಿಗೆ ಅಪಸ್ಮಾರ ಬರುತ್ತದೆ. ನೊಣ ಹಿಡಿದು ಕೂತವರನ್ನು ನೋಡಿ ನಗುವ ಮುನ್ನ ಇದನ್ನು ನೆನೆಯಬೇಕು.

ಹೇಳುವುದೂ ಕಲಿಯಬೇಕಾದ ಕೆಲಸವೇ. "ತಾಪಸಂವೇದಿ ಉತ್ಪರಿವರ್ತಿತ ತಳಿಗಳ ನರಶರೀರಕ್ರಿಯಾ ದೋಷಗಳ ಅಧ್ಯಯನ" ಎಂದರೆ ಸಂದರ್ಶನದಲ್ಲಿ ಕೂತ ಬೇರೆ ವಿಭಾಗದವರಿಗೂ ತಲೆಗೆ ಹೋಗದು. "ಬಿಸಿಯಾದಾಗ ಈ ನೊಣ ಏಕೆ ಬೀಳುತ್ತದೆ?" ಎಂದು ಶುರುಮಾಡಿದರೆ ಕೇಳುತ್ತಾರೆ. ಮೊದಲು ಪ್ರಶ್ನೆ, ಆಮೇಲೆ ಅಳೆದ ಬಗೆ, ಆಮೇಲೆ ಸಿಕ್ಕಿದ್ದು. ಹೆಸರುಗಳು ಕೊನೆಗೆ ಬಂದರೆ ಸಾಕು. ಸಿಕ್ಕಿದ್ದಕ್ಕಿಂತ ಹೆಚ್ಚು ಹೇಳಲೂಬಾರದು. ಮೇಲಿನ ಕೆಲಸದಿಂದ ಅಪಸ್ಮಾರಕ್ಕೆ ಮದ್ದು ಸಿಕ್ಕಿತು ಎಂದು ಬರೆದರೆ ಅದು ಸುಳ್ಳು, ಎಷ್ಟೇ ಚೆನ್ನಾಗಿ ಕೇಳಿಸಿದರೂ. ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿಗೆ ಹೆದರಿ ಕಂಠಪಾಠ ಮಾಡುವುದುಂಟು. ಮೊದಲು ಕನ್ನಡದಲ್ಲಿ ಬಿಡಿಸಿ ಹೇಳಲಿ, ಬ್ಯಾರಿಯಲ್ಲೋ ಉರ್ದುವಿನಲ್ಲೋ ಆದರೂ ಸರಿ.

ಇನ್ನು ಹಣದ ಮಾತು. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದು ಪಿಎಚ್.ಡಿ. ಸೇರಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂ. ನಿಗದಿಯಾಗಿದೆ. ಅಂದರೆ ಮನೆಯವರು ನಿಜವಾಗಿ ಹೊರಬೇಕಾದ್ದು ಬಿ.ಎಸ್ಸಿ., ಎಂ.ಎಸ್ಸಿ.ಯ ಐದು ವರ್ಷ. ಹುಡುಗಿಯರ ಓದು ನಿಲ್ಲುವುದೂ ಹೆಚ್ಚಾಗಿ ಇಲ್ಲಿಯೇ. ಹಾಸ್ಟೆಲ್ ಶುಲ್ಕ, ಜಾಮ್ ಪರೀಕ್ಷೆಯ ಶುಲ್ಕ, ಸಂದರ್ಶನಕ್ಕೆ ರೈಲಿನ ಖರ್ಚು. ದಾನಿಗಳ ನೆರವು ಬೇಕಾಗಿರುವುದು ಈ ಇಕ್ಕಟ್ಟಿಗೆ. ಪಿಎಚ್.ಡಿ. ಆದ ಮೇಲೂ ಕಾಯಂ ಹುದ್ದೆ ಕೂಡಲೇ ಸಿಗುತ್ತದೆಂದು ನಾವು ಯಾರಿಗೂ ಭರವಸೆ ಕೊಡುವುದಿಲ್ಲ.

ಸಂಶೋಧನೆಗೆ ಹೋಗಬಯಸುವ ಮಕ್ಕಳು ಅಂಕಪಟ್ಟಿಯ ಜೊತೆ ಒಂದು ಪುಟ ಕೈಬರಹ ಲಗತ್ತಿಸಬೇಕು: ತಾವು ಓದಿದ ಒಂದು ಪ್ರಯೋಗದ ವಿವರಣೆ, ಕನ್ನಡದಲ್ಲಿ. ಅದನ್ನು ಮೊದಲು ಅಮ್ಮನಿಗೋ ಅಜ್ಜಿಗೋ ಓದಿ ಹೇಳಿ, ಅವರು ಕೇಳಿದ ಒಂದು ಪ್ರಶ್ನೆಯನ್ನು ಪುಟದ ಕೆಳಗೆ ಬರೆಯಿರಿ. ಉತ್ತರ ಗೊತ್ತಿಲ್ಲದಿದ್ದರೆ ಪ್ರಶ್ನೆಯಷ್ಟೇ ಇರಲಿ.