ಹೊಸ ಗಣಕವ್ಯವಸ್ಥೆಯನ್ನು ಪರೀಕ್ಷಿಸುವ ಕ್ರಮ

ಸಂತೆಯಲ್ಲಿ ಮಣ್ಣಿನ ಗಡಿಗೆಯನ್ನು ಕೊಳ್ಳುವಾಗ ಅದನ್ನು ಬೆರಳಿನಿಂದ ತಟ್ಟಿ ನೋಡುವದು ನಮ್ಮ ಹಿರಿಯರ ವಾಡಿಕೆ. ಒಡಕಿದ್ದರೆ ಅದರ ನಾದವೇ ತಿಳಿಸುವದು. ತಟ್ಟದೆ ಕೊಂಡವಳು ಹಣವನ್ನು ಕಳಕೊಳ್ಳುವಳು. ತಟ್ಟದೆಯೇ ಬೇಡವೆಂದವಳು ಒಳ್ಳೆಯ ಗಡಿಗೆಯನ್ನು ಕಳಕೊಳ್ಳುವಳು. ಗಣಕಯಂತ್ರದ ವಿಷಯದಲ್ಲಿಯೂ ಈ ನಿಯಮವೇ ಸಲ್ಲುವದೆಂಬದನ್ನು ನಮ್ಮ ಹಳೆಯ ಸಹಪಾಠಿನಿಯರಿಗೂ ಈಗಿನ ಬಾಲಿಕೆಯರ ತಂದೆತಾಯಿಗಳಿಗೂ ತಿಳಿಸಲು ಇಚ್ಛಿಸುತ್ತೇವೆ. ನಾವು ಈ ಶಾಸ್ತ್ರದಲ್ಲಿ ಪಂಡಿತರಲ್ಲ. ಹೇಮಾವತೀ ನದಿಯು ಹುಟ್ಟುವ ಜಾವಳಿಯಲ್ಲಿ ಕಾಫಿತೋಟವನ್ನು ನಂಬಿ ಬಾಳುವ ಒಂದು ಸಾಧಾರಣ ಕುಟುಂಬದವರು. ನಾವು ಮಾಡಿ ಕಂಡುದನ್ನು ಮಾತ್ರ ಇಲ್ಲಿ ಬರೆಯುತ್ತೇವೆ.

೧. ವ್ಯವಸ್ಥೆ ಎಂದರೇನು?

ಗಣಕಯಂತ್ರದ ಭಾಗಗಳು ಎಷ್ಟು ಉತ್ತಮವಾಗಿದ್ದರೂ ಅವುಗಳಿಗೆ ಕೆಲಸವನ್ನು ಹಂಚಿಕೊಡುವ ಒಬ್ಬ ಯಜಮಾನಿ ಬೇಕು. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಪರದೆಗೆ ತಲಪಿಸುವದು, ಬರೆದುದನ್ನು ಜೋಪಾನವಾಗಿ ಇಡುವದು, ಬೇಕಾದಾಗ ಮುದ್ರಣಯಂತ್ರಕ್ಕೆ ಕಳುಹಿಸುವದು, ಇವೆಲ್ಲವೂ ಆಕೆಯ ಕೆಲಸ. ಈ ಯಜಮಾನಿಗೆ ಆಪರೇಟಿಂಗ್ ಸಿಸ್ಟಮ್, ಅಂದರೆ ಕಾರ್ಯಾಚರಣೆ ವ್ಯವಸ್ಥೆ ಎಂದು ಹೆಸರು.

ನಮ್ಮ ಮನೆಯಲ್ಲಿ ೨೦೧೫ನೆಯ ಇಸವಿಯಲ್ಲಿ ಕೊಂಡ ಒಂದು ಮೇಜಿನ ಗಣಕಯಂತ್ರ ಉಂಟು. ಅದರಲ್ಲಿದ್ದ ವ್ಯವಸ್ಥೆಯು ವಿಂಡೋಸ್ ೧೦. ಇದಕ್ಕೆ ಕಂಪೆನಿಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿಯಿತು. ಆ ದಿನ ಯಂತ್ರವೇನೂ ನಿಂತುಹೋಗಲಿಲ್ಲ. ಆದರೆ ಬಾಗಿಲಿನ ಚಿಲಕ ಸಡಲಿದರೆ ಸರಿಪಡಿಸುವ ಬಡಗಿಯು ಇನ್ನು ಬರುವದಿಲ್ಲವೆಂದು ತಿಳಿಯಬೇಕು. ೨೦೨೧ರಲ್ಲಿ ಹೊರಟ ವಿಂಡೋಸ್ ೧೧ಕ್ಕೆ ಟಿ.ಪಿ.ಎಂ. ೨.೦ ಎಂಬ ಭದ್ರತಾ ಸಾಧನವೂ ಈಚಿನ ಕಾಲದ ಪ್ರೊಸೆಸರೂ ಅಗತ್ಯ. ನಮ್ಮ ಯಂತ್ರದಲ್ಲಿ ಅವು ಇರಲಿಲ್ಲ. ಮಗಳು ಒಂಭತ್ತನೆಯ ತರಗತಿಯಲ್ಲಿ ಓದುತ್ತಿರುವಾಗ ಯಂತ್ರವನ್ನು ಮೂಲೆಗೆ ಹಾಕುವದು ಹೇಗೆ? ಹೊಸತನ್ನು ಕೊಳ್ಳಲು ಹಣವೆಲ್ಲಿ? ಹೀಗಿರಲಾಗಿ ಸ್ವತಂತ್ರ ತಂತ್ರಾಂಶದ ಕಡೆಗೆ ನಮ್ಮ ಗಮನವು ಹೋಯಿತು.

೨. ಸ್ವತಂತ್ರ ಎಂಬ ಮಾತಿನ ಅರ್ಥ

ಇದನ್ನು ಬಿಟ್ಟಿ ಎಂದು ಮಾತ್ರ ತಿಳಿಯುವದು ತಪ್ಪು. ೧೯೮೩ರಲ್ಲಿ ಅಮೇರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು ಗ್ನೂ ಎಂಬ ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು ಲಿನಕ್ಸ್ ಎಂಬ ತಿರುಳನ್ನು ರಚಿಸಿದರು. ಇವೆರಡೂ ಕೂಡಿ ಬೆಳೆದ ವ್ಯವಸ್ಥೆಯನ್ನು ಯಾರೂ ಉಪಯೋಗಿಸಬಹುದು, ಅದರ ಒಳರಚನೆಯನ್ನು ಓದಿ ಕಲಿಯಬಹುದು, ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು. ನೆರೆಮನೆಗೆ ಒಂದು ಚಮಚ ಹೆಪ್ಪು ಕೊಟ್ಟರೆ ನಮ್ಮ ಮೊಸರು ಕಡಮೆಯಾಗುವದೇ? ಇದೂ ಹಾಗೆಯೇ.

ಜಾವಳಿಯಂಥ ಊರಿನಲ್ಲಿ ಈ ಹಂಚುವ ಹಕ್ಕಿನ ಬೆಲೆ ಚೆನ್ನಾಗಿ ತಿಳಿಯುವದು. ಈ ವ್ಯವಸ್ಥೆಯ ಕಡತವು ಸುಮಾರು ೩ ಗಿಗಾಬೈಟಿನಷ್ಟು ದೊಡ್ಡದು. ನಮ್ಮಲ್ಲಿಯ ಜಾಲಸಂಪರ್ಕದಲ್ಲಿ ಅದನ್ನು ಇಳಿಸಿಕೊಳ್ಳುವದು ಕಷ್ಟ. ಚಿಕ್ಕಮಗಳೂರಿನಲ್ಲಿರುವ ನಮ್ಮ ತಮ್ಮನು ಅದನ್ನು ಇಳಿಸಿ, ೮ ಗಿಗಾಬೈಟಿನ ಪೆನ್ ಡ್ರೈವಿನಲ್ಲಿ ಹಾಕಿ, ಬಸ್ಸಿನಲ್ಲಿ ತಂದುಕೊಟ್ಟನು. ಆ ಒಂದೇ ಪೆನ್ ಡ್ರೈವು ಮೂರು ಮನೆಗಳಿಗೆ ಸಾಲುವದಾಯಿತು. ಅದರಲ್ಲಿ ಕಳ್ಳತನವೇನೂ ಇಲ್ಲ.

ನಾವು ಆರಿಸಿಕೊಂಡದ್ದು ಲಿನಕ್ಸ್ ಮಿಂಟ್ ಎಂಬದು. ಇದು ೨೦೦೬ರಿಂದ ಹೊರಡುತ್ತಿದೆ. ಇದರ ಆವೃತ್ತಿಗಳಿಗೆಲ್ಲ ಹೆಣ್ಣು ಹೆಸರುಗಳನ್ನೇ ಇಡುವರೆಂಬದನ್ನು ಕೇಳಿ ಬಾಲಿಕಾಶಾಲೆಯವರು ಸಂತೋಷಪಡುವರು. ಮೊದಲನೆಯದು ಏಡಾ, ನಾವು ನೋಡಿದ್ದು ೨೦೨೫ನೆಯ ಸೆಪ್ಟೆಂಬರಿನಲ್ಲಿ ಹೊರಟ ೨೨.೨ನೆಯ ಝಾರಾ. ಇದಕ್ಕೆ ೨೦೨೯ರ ವರೆಗೆ ಭದ್ರತೆಯ ದುರಸ್ತಿ ಉಂಟು. ಕನಿಷ್ಠ ೨ ಗಿಗಾಬೈಟ್ ಸ್ಮರಣೆಯೂ ೨೦ ಗಿಗಾಬೈಟ್ ಸ್ಥಳವೂ ಬೇಕು. ೪ ಮತ್ತು ೧೦೦ ಇದ್ದರೆ ಅನುಕೂಲ. ೩೨ ಬಿಟ್ಟಿನ ಬಹಳ ಹಳೆಯ ಯಂತ್ರಗಳಲ್ಲಿ ಇದು ನಡೆಯದು.

೩. ತಟ್ಟಿ ನೋಡುವ ಬಗೆ

ಈ ವ್ಯವಸ್ಥೆಯ ದೊಡ್ಡ ಗುಣವೇನಂದರೆ, ಅದನ್ನು ಸ್ಥಾಪಿಸದೆಯೇ ಪರೀಕ್ಷಿಸಬಹುದು. ಪೆನ್ ಡ್ರೈವನ್ನು ಚುಚ್ಚಿ, ಅದರಿಂದಲೇ ಯಂತ್ರವನ್ನು ಎಬ್ಬಿಸಿದರೆ, ಹೊಸ ವ್ಯವಸ್ಥೆಯು ಯಂತ್ರದ ತಾತ್ಕಾಲಿಕ ಸ್ಮರಣೆಯಲ್ಲಿ ನಡೆಯುವದು. ನಾವಾಗಿ ಅಪ್ಪಣೆ ಕೊಡದ ಹೊರತು ಹಳೆಯ ಡಿಸ್ಕಿನಲ್ಲಿರುವದಕ್ಕೆ ಅದು ಕೈಹಚ್ಚದು. ಯಂತ್ರವನ್ನು ಆರಿಸಿ ಪೆನ್ ಡ್ರೈವನ್ನು ತೆಗೆದರೆ ಎಲ್ಲವೂ ಮೊದಲಿನಂತೆಯೇ.

೨೦೨೫ರ ನವೆಂಬರಿನಲ್ಲಿ, ಮಳೆ ಹಿಂದೆಗೆದ ಮೇಲೆ, ಈ ಪರೀಕ್ಷೆಯನ್ನು ಮಾಡಿದೆವು. ಮೊದಲಾಗಿ ಮನೆಯ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಪ್ರತಿ ಮಾಡಿದೆವು. ಎರಡನೆಯದಾಗಿ, ತಂದ ಕಡತವು ದಾರಿಯಲ್ಲಿ ಕೆಟ್ಟಿಲ್ಲವೆಂಬದನ್ನು ಪ್ರಕಟವಾದ ಪರೀಕ್ಷಾಸಂಖ್ಯೆಯೊಂದಿಗೆ ಹೋಲಿಸಿ ನೋಡಿದೆವು. ಮೂರನೆಯದಾಗಿ, ಮನೆಯಲ್ಲಿ ನಡೆಯುವ ಕೆಲಸಗಳ ಪಟ್ಟಿಯೊಂದನ್ನು ಕಾಗದದಲ್ಲಿ ಬರೆದು, ಒಂದೊಂದನ್ನೇ ಮಾಡಿಸಿ ಗುರುತು ಹಾಕಿದೆವು. ಧ್ವನಿ ಸರಿಯಾಗಿತ್ತು. ಮುದ್ರಣಯಂತ್ರವು ತಾನಾಗಿಯೇ ಕಂಡಿತು. ತೋಟದ ಕೂಲಿಯ ಲೆಕ್ಕವು ಲಿಬ್ರೆ ಆಫೀಸ್ ಎಂಬ ತಂತ್ರಾಂಶದಲ್ಲಿ ತೆರೆಯಿತು. ಕೀಲಿಮಣೆಯ ಪಟ್ಟಿಯಲ್ಲಿ ಕಗಪ ಎಂಬ ಕನ್ನಡ ವಿನ್ಯಾಸವೂ ಸಿಕ್ಕಿತು. ಇದು ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ವಿನ್ಯಾಸವನ್ನು ಅನುಸರಿಸಿದ್ದು. ಮೂಡಿಗೆರೆಯಲ್ಲಿ ನೆಲಸಿ ೨೦೦೭ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಗಣಕಯಂತ್ರದಲ್ಲಿ ಕನ್ನಡವು ನೆಲೆಗೊಳ್ಳಬೇಕೆಂದು ಎಷ್ಟು ಹಂಬಲಿಸಿದರೆಂಬದು ನಮ್ಮ ಕಡೆಯವರಿಗೆ ತಿಳಿದದ್ದೇ. ಪರದೆಯ ಮೇಲೆ ಮಗಳು ತನ್ನ ಹೆಸರನ್ನು ಕನ್ನಡದಲ್ಲಿ ಬರೆದಾಗ ಅವರ ನೆನಪಾಯಿತು.

೪. ನಾವು ಕಂಡ ಒಡಕು

ಪಟ್ಟಿಯ ಕೊನೆಯಲ್ಲಿ ನಮ್ಮ ಅತ್ತೆಯವರ ಮದ್ದಿನ ಪುಸ್ತಕವಿತ್ತು. ಬಾಣಂತಿಯ ಲೇಹ್ಯ, ಮಕ್ಕಳ ಕೆಮ್ಮಿನ ಕಷಾಯ ಮುಂತಾದ ಮನೆಮದ್ದುಗಳನ್ನು ಅವರು ಹೇಳಿ, ನಾವು ಬರೆದದ್ದು. ಒಟ್ಟು ೪೦ ಪುಟ. ಅತ್ತೆಯವರು ಈಗಿಲ್ಲ. ಕಡತವನ್ನು ತೆರೆದೊಡನೆ ಮಗಳು, "ಅಮ್ಮಾ, ಅಜ್ಜಿಯ ಮದ್ದೆಲ್ಲ ಇಂಗ್ಲಿಷಾಗಿ ಹೋಯಿತಲ್ಲ!" ಎಂದು ಕೂಗಿದಳು. ನೋಡಿದರೆ ಪುಟಗಳ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ನಮ್ಮ ಎದೆ ಒಡೆದಂತಾಯಿತು.

ಕಾರಣವು ಆಮೇಲೆ ತಿಳಿಯಿತು. ಹಿಂದಿನ ಕಾಲದ ಅನೇಕ ಕನ್ನಡ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಆ ಶೈಲಿಯು ಯಂತ್ರದಲ್ಲಿರುವಷ್ಟು ಕಾಲ ಬರಹವು ಕನ್ನಡವಾಗಿ ತೋರುವದು; ಅದಿಲ್ಲದಲ್ಲಿ ಒಳಗಿನ ಇಂಗ್ಲಿಷ್ ಅಕ್ಷರಗಳೇ ಹೊರಬೀಳುವವು. ಯೂನಿಕೋಡ್ ಎಂಬ ಜಾಗತಿಕ ಕ್ರಮದಲ್ಲಾದರೋ ಕನ್ನಡಕ್ಕೆಂದೇ ೧೨೮ ಸ್ಥಾನಗಳನ್ನು ಬೇರೆಯಾಗಿ ಇಟ್ಟಿದ್ದಾರೆ. ಅದರಲ್ಲಿ ಬರೆದದ್ದು ಯಾವ ವ್ಯವಸ್ಥೆಯಲ್ಲಿಯೂ ಕನ್ನಡವಾಗಿಯೇ ಉಳಿಯುವದು. ತಪ್ಪು ಹೊಸ ವ್ಯವಸ್ಥೆಯದಲ್ಲ. ನಮ್ಮ ಬರಹವೇ ಒಂದು ಯಂತ್ರಕ್ಕೆ ಕಟ್ಟುಬಿದ್ದಿತ್ತು.

ಹಳೆಯ ಸಂಕೇತವನ್ನು ಯೂನಿಕೋಡಿಗೆ ಮಾರ್ಪಡಿಸುವ ತಂತ್ರಾಂಶಗಳುಂಟು. ಅವುಗಳಿಂದ ೪೦ ಪುಟಗಳನ್ನೂ ಬದಲಿಸಿದೆವು. ಆದರೆ ಅಲ್ಲಲ್ಲಿ ಅರ್ಕಾವತ್ತು ಸ್ಥಾನ ತಪ್ಪಿತ್ತು, ಒತ್ತಕ್ಷರಗಳು ಬಿಟ್ಟುಹೋಗಿದ್ದವು. ಮದ್ದಿನ ವಿಷಯದಲ್ಲಿ ಒಂದಕ್ಷರ ತಪ್ಪಿದರೂ ಅಪಾಯವಾದುದರಿಂದ, ಹಳೆಯ ವ್ಯವಸ್ಥೆಯಲ್ಲಿ ಮೂಲವನ್ನು ಅಚ್ಚು ಹಾಕಿಕೊಂಡು, ತಾಯಿಮಗಳಿಬ್ಬರೂ ಎರಡು ವಾರಗಳ ಕಾಲ ಸಂಜೆಹೊತ್ತು ಓದಿ ತಿದ್ದಿದೆವು. ಆತುರದಿಂದ ಹಳೆಯದನ್ನು ಅಳಿಸಿದ್ದರೆ ಹೋಲಿಸಿ ನೋಡುವದಕ್ಕೆ ನಮಗೇನು ಉಳಿಯುತ್ತಿತ್ತು?

೫. ನೆರೆಹೊರೆಯ ದೃಷ್ಟಾಂತ

ಮಕ್ಕಳ ವಿದ್ಯೆಗೆ ಇದರಿಂದ ತೊಡಕಾಗದೇ ಎಂದು ಕೆಲವರು ಕೇಳಿದರು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳನ್ನು ನೋಡಬೇಕು. ಕೇರಳದಲ್ಲಿ ೨೦೦೧ರಲ್ಲಿ ಆರಂಭವಾಗಿ ಈಗ ಕೈಟ್ ಎಂಬ ಹೆಸರಿನಿಂದ ನಡೆಯುವ ಸರಕಾರಿ ಸಂಸ್ಥೆಯು ಶಾಲೆಗಳಿಗಾಗಿಯೇ ಸ್ವತಂತ್ರ ವ್ಯವಸ್ಥೆಯೊಂದನ್ನು ಸಿದ್ಧಪಡಿಸಿ ಕೊಡುತ್ತಿದೆ. ಅಲ್ಲಿಯ ಕನ್ನಡ ಮಕ್ಕಳು ಕನ್ನಡದ ಪಠ್ಯಪುಸ್ತಕವನ್ನು ಹಿಡಿದು ಅದರಲ್ಲಿಯೇ ಗಣಕಪಾಠವನ್ನು ಕಲಿಯುತ್ತಾರೆ. ಆ ವ್ಯವಸ್ಥೆಗೂ ನಮ್ಮ ಝಾರಾಳಿಗೂ ತಾಯಿ ಒಬ್ಬಳೇ. ಎರಡೂ ಉಬುಂಟು ಎಂಬದರ ಮೇಲೆ ಕಟ್ಟಿದವು.

ಆದರೂ ಕೊರತೆಗಳನ್ನು ಮುಚ್ಚಿಡುವದು ನ್ಯಾಯವಲ್ಲ. ವಿಂಡೋಸಿಗೆಂದೇ ಮಾಡಿದ ಕೆಲವು ಲೆಕ್ಕದ ತಂತ್ರಾಂಶಗಳು ಇದರಲ್ಲಿ ನಡೆಯವು. ಅಂಥವುಗಳಿಂದ ಜೀವನ ನಡಿಸುವವರು ಮೊದಲು ಅದನ್ನೇ ಪರೀಕ್ಷಿಸಿಕೊಳ್ಳಲಿ. ನಾವು ಎರಡು ವ್ಯವಸ್ಥೆಗಳನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟುಕೊಂಡೆವು. ಹಳೆಯದನ್ನು ಜಾಲಕ್ಕೆ ಸೇರಿಸುವದಿಲ್ಲ. ಸ್ಥಾಪನೆಯ ನಡುವೆ ವಿದ್ಯುತ್ತು ಹೋದರೆ ಡಿಸ್ಕು ಕೆಡುವ ಭಯವಿರುವದರಿಂದ, ಮಲೆನಾಡಿನವರು ಯು.ಪಿ.ಎಸ್. ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು; ಆಷಾಢದಲ್ಲಂತೂ ಬೇಡವೇ ಬೇಡ.

ಕೊನೆಗೆ ನಮ್ಮ ಬಿನ್ನಹವಿಷ್ಟೇ. ಹೊಸ ವ್ಯವಸ್ಥೆಯನ್ನು ಹಾಕಿಕೊಳ್ಳಿರಿ, ಬಿಡಿರಿ, ಅದು ನಿಮ್ಮ ಇಚ್ಛೆ. ಆದರೆ ನಿಮ್ಮ ಮನೆಯ ಹಿರಿಯರ ಕನ್ನಡ ಬರಹವು ಯಾವ ಸಂಕೇತದಲ್ಲಿದೆ ಎಂಬದನ್ನು ಈ ವಾರವೇ ತೆರೆದು ನೋಡಿರಿ. ನಮ್ಮ ಅತ್ತೆಯವರ ಪುಸ್ತಕದ ಮೂರು ಪ್ರತಿಗಳು ಈಗ ಮೂರು ಮನೆಗಳಲ್ಲಿವೆ. ಬಾಣಂತಿಯ ಲೇಹ್ಯಕ್ಕೆ ಶುಂಠಿ ಎಷ್ಟೆಂದು ಮೊನ್ನೆ ಚಿಕ್ಕಮಗಳೂರಿನಿಂದ ತಮ್ಮನ ಹೆಂಡತಿ ಕೇಳಲು, ಮಗಳೇ ಪುಟವನ್ನು ತೆರೆದು ಓದಿ ಹೇಳಿದಳು.