ಕೈದಿ ಪೂರ್ವಜರ ದಾಖಲೆಗಳು ಎರಡು ಮಾತಾಡಿದರೆ

1788ರಿಂದ 1868ರವರೆಗೆ ಸುಮಾರು 1,62,000 ಕೈದಿಗಳನ್ನು ಬ್ರಿಟಿಷರು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಅವರ ಮರಿಮಕ್ಕಳು ಇಂದು ಮೂಲ ಹುಡುಕಲು ಕೂತರೆ ಕಾಗದಕ್ಕೇನೂ ಬರವಿಲ್ಲ. ಆದರೆ ಹಡಗಿನ ಪಟ್ಟಿಯಲ್ಲಿ ಒಂದು ವಯಸ್ಸು, ಮದುವೆ ರಿಜಿಸ್ಟರಿನಲ್ಲಿ ಇನ್ನೊಂದು, ಗೋರಿಕಲ್ಲಿನ ಮೇಲೆ ಮತ್ತೊಂದು. ಯಾವುದನ್ನು ನಂಬಬೇಕು?

1. ಹೇಳಿದವರು ಯಾರು ಎಂದು ಮೊದಲು ಕೇಳಿ. ಹಡಗು ಬಂದಿಳಿದಾಗ ಬರೆದ ‘ಇಂಡೆಂಟ್’ ಎಂಬ ಪಟ್ಟಿಗೆ ಊರು, ಕಸುಬು ಹೇಳಿದವನು ಸ್ವತಃ ಕೈದಿ. ಮರಣಪತ್ರಕ್ಕೆ ಅದೇ ವಿವರ ಕೊಟ್ಟವನು ಮಗನೋ ಅಳಿಯನೋ, ಕೆಲವೊಮ್ಮೆ ಬರೀ ಪಕ್ಕದ ಮನೆಯವನು. ಹಾಗಾಗಿ ಹುಟ್ಟೂರಿಗೆ ಇಂಡೆಂಟನ್ನು ನಂಬಿ, ಸತ್ತ ದಿನಕ್ಕೆ ಮರಣಪತ್ರವನ್ನು ನಂಬಿ. ಒಂದೇ ಕಾಗದದ ಎಲ್ಲ ಸಾಲಿಗೂ ಒಂದೇ ತೂಕವಿರುವುದಿಲ್ಲ.

2. ಹೆಸರಿನ ಜೊತೆ ಹಡಗು, ಬಂದ ವರ್ಷ ಎರಡನ್ನೂ ಹಿಡಿಯಿರಿ. ಜಾನ್ ಸ್ಮಿತ್‌ಗಳಿಗೆ ಲೆಕ್ಕವಿಲ್ಲ. ಅಂದಿನ ಅಧಿಕಾರಿಗಳೇ ಹೆಸರಿನ ಮುಂದೆ ಹಡಗಿನ ಹೆಸರು ಬರೆದು ಗುರುತಿಟ್ಟುಕೊಳ್ಳುತ್ತಿದ್ದರು. ‘ಏಷ್ಯಾ’ದಂಥ ಹಡಗುಗಳು ಹಲವು ಸಲ ಕೈದಿಗಳನ್ನು ಹೊತ್ತು ಬಂದಿವೆ, ವರ್ಷ ಬಿಟ್ಟರೆ ಗೋಜಲು ಖಂಡಿತ.

3. ಮೈಮೇಲಿನ ಗುರುತು ನೋಡಿ. ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಎತ್ತರ, ಕಣ್ಣಿನ ಬಣ್ಣ, ಗಾಯದ ಕಲೆ, ಹಚ್ಚೆ ಎಲ್ಲವನ್ನೂ ಗುಮಾಸ್ತರು ಬರೆದಿಟ್ಟಿದ್ದಾರೆ. ಒಂದೇ ಹೆಸರಿನ ಇಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಇಂಡೆಂಟಿನಲ್ಲಿ ಒಬ್ಬನಿಗೆ ಬೂದುಗಣ್ಣು, ಎಡ ಮುಂಗೈ ಮೇಲೆ ಲಂಗರಿನ ಹಚ್ಚೆ. ಇನ್ನೊಬ್ಬನಿಗೆ ಕಂದುಗಣ್ಣು, ಹುಬ್ಬಿನ ಮೇಲೆ ಕಲೆ. ವರ್ಷಗಳ ನಂತರ, ಶಿಕ್ಷೆ ಮುಗಿದವನಿಗೆ ಕೊಟ್ಟ ಬಿಡುಗಡೆ ಪತ್ರದಲ್ಲಿ ಅದೇ ಲಂಗರು ಸಿಕ್ಕರೆ, ವಯಸ್ಸು ಮೂರು ವರ್ಷ ಹೆಚ್ಚುಕಡಿಮೆಯಾದರೂ ಅವನೇ ಇವನು ಎನ್ನಬಹುದು.

4. ಕಾಗುಣಿತಕ್ಕೆ ಜೋತುಬೀಳಬೇಡಿ. ಓದುಬರಹ ಬಾರದವನು ಹೇಳಿದ್ದನ್ನು ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ. ಐರಿಷ್ ಹೆಸರಿನ ಮುಂದಿನ ‘ಓ’ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಮಾಯ.

5. ವಿಚಾರಣೆ ನಡೆದ ಊರೇ ಹುಟ್ಟೂರು ಎಂದುಕೊಳ್ಳಬೇಡಿ. ಹಳ್ಳಿಯ ಹುಡುಗ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ನಿಂತಿರಬಹುದು. ಭಾರತದಲ್ಲಿ ಕೋರ್ಟ್ ಮಾರ್ಷಲ್ ಆದ ಬ್ರಿಟಿಷ್ ಸೈನಿಕರೂ ಈ ಪಟ್ಟಿಗಳಲ್ಲಿ ಇದ್ದಾರೆ.

6. ಸರ್ಕಾರಿ ನೋಂದಣಿ ಯಾವಾಗ ಶುರುವಾಯಿತು ಎಂಬುದು ಗೊತ್ತಿರಲಿ: ಟಾಸ್ಮೇನಿಯಾದಲ್ಲಿ 1838, ವಿಕ್ಟೋರಿಯಾದಲ್ಲಿ 1853, ನ್ಯೂ ಸೌತ್ ವೇಲ್ಸ್‌ನಲ್ಲಿ 1856. ಅದಕ್ಕೂ ಹಿಂದಿನದು ಚರ್ಚಿನ ಪುಸ್ತಕ. ಅಲ್ಲಿರುವುದು ದೀಕ್ಷಾಸ್ನಾನದ ದಿನ. ಪಾದ್ರಿ ಅಪರೂಪಕ್ಕೆ ಬರುವ ಕಡೆ ಮೂರು ನಾಲ್ಕು ಮಕ್ಕಳಿಗೆ ಒಂದೇ ದಿನ ಆಗಿರಬಹುದು. 1856ರ ನಂತರದ ನ್ಯೂ ಸೌತ್ ವೇಲ್ಸ್ ಮರಣಪತ್ರದಲ್ಲಿ ಸತ್ತವರು ಕಾಲೊನಿಯಲ್ಲಿ ಎಷ್ಟು ವರ್ಷ ಇದ್ದರು ಎಂಬ ಅಂಕಣವಿದೆ. 1861ರಲ್ಲಿ ಸತ್ತವನ ಆ ಅಂಕಣದಲ್ಲಿ 40 ವರ್ಷ ಎಂದಿದ್ದರೆ 1821ರ ಆಸುಪಾಸಿನ ಹಡಗುಗಳನ್ನು ತಡಕಿ.

7. ‘ನಮ್ಮಜ್ಜ ಸ್ವತಂತ್ರನಾಗಿ ಬಂದವನು’ ಎಂಬ ಮನೆಮಾತನ್ನು ಗೌರವದಿಂದಲೇ ಪರೀಕ್ಷಿಸಿ. ಕೈದಿಯ ಕಳಂಕಕ್ಕೆ ಅಂಜಿ ಎಷ್ಟೋ ಮನೆಗಳು ತಲೆಮಾರುಗಟ್ಟಲೆ ಬಾಯಿ ಬಿಡಲಿಲ್ಲ. ನ್ಯೂ ಸೌತ್ ವೇಲ್ಸ್‌ನ 1828ರ ಜನಗಣತಿ ಸ್ವತಂತ್ರರಾಗಿ ಬಂದವರನ್ನೂ ಕೈದಿಗಳಾಗಿ ಬಂದವರನ್ನೂ ಬೇರೆ ಬೇರೆ ಗುರುತಿಸುತ್ತದೆ. ಮದುವೆಯ ಕಾಗದಕ್ಕೂ ಇದೇ ಎಚ್ಚರ ಬೇಕು. ಕೈದಿ ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕಿತ್ತು. ಗಂಡನನ್ನು ಸಮುದ್ರದಾಚೆ ಬಿಟ್ಟು ಬಂದು, ಮರಳುವ ದಾರಿಯೇ ಇಲ್ಲದ ಹೆಣ್ಣು ಆ ಅನುಮತಿಗಾಗಿ ‘ವಿಧವೆ’ ಎಂದು ಬರೆಸಿದ್ದರೆ ಅವಳ ಅಸಹಾಯಕತೆಯನ್ನೂ ನೆನೆಯಿರಿ.

8. ಸೂಚಿಯಲ್ಲಿ ಹೆಸರು ಕಂಡೊಡನೆ ನಿಲ್ಲಬೇಡಿ, ಮೂಲ ಪುಟದ ಚಿತ್ರ ತೆರೆದು ಓದಿ. ಒಬ್ಬರ ವಂಶವೃಕ್ಷದಿಂದ ಹತ್ತು ಜನ ನಕಲು ಮಾಡಿಕೊಂಡರೆ ಸಾಕ್ಷಿ ಹತ್ತಾಗುವುದಿಲ್ಲ.

9. ಇಷ್ಟಾದರೂ ಬಗೆಹರಿಯದಿದ್ದರೆ ಇಬ್ಬರನ್ನು ಒಬ್ಬರನ್ನಾಗಿಸಬೇಡಿ. ಎರಡೂ ವಿವರ ಬರೆದಿಟ್ಟು, ಯಾವುದು ಹೆಚ್ಚು ಸರಿ ಎನಿಸಿತು, ಏಕೆ ಎನಿಸಿತು ಎಂದು ಪಕ್ಕದಲ್ಲೇ ನಮೂದಿಸಿ. ನಾಳೆ ಹೊಸ ಕಾಗದ ಸಿಕ್ಕಾಗ ನಿಮ್ಮ ಮಕ್ಕಳು ಅಲ್ಲಿಂದಲೇ ಮುಂದುವರಿಯಲಿ.