ಎರಡು ಆಪರೇಟಿಂಗ್ ಸಿಸ್ಟಂ, ಒಂದೇ ಅಂಚೆಪೆಟ್ಟಿಗೆ

ನಮ್ಮ ಜಿಲ್ಲೆಯ ಸಣ್ಣ ಕಾರ್ಖಾನೆಗಳ ಕಚೇರಿಯಲ್ಲಿ ಲೆಕ್ಕವೆಂದರೆ ಟ್ಯಾಲಿ, ಟ್ಯಾಲಿಯೆಂದರೆ ವಿಂಡೋಸ್. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಕ್ತಾಯಗೊಂಡಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಸೌಲಭ್ಯ ಅನೇಕ ಹಳೆಯ ಯಂತ್ರಗಳಲ್ಲಿಲ್ಲ. ಹೊಸ ಯಂತ್ರ ಕೊಳ್ಳುವ ಬದಲು, ಇರುವ ಯಂತ್ರದಲ್ಲಿಯೇ ಲಿನಕ್ಸ್ ಅನ್ನೂ ಅಳವಡಿಸಿ, ಅಂತರಜಾಲದ ಬಹುಪಾಲು ಕೆಲಸವನ್ನು ಅದರಲ್ಲಿ ನಡೆಸುವುದು ಮಿತವ್ಯಯದ ಮಾರ್ಗ.

ತೊಡಕು ಬರುವುದು ಇ-ಮೇಲ್‌ನಲ್ಲಿ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಸೀರೆ ತಯಾರಕರೊಬ್ಬರನ್ನು ಊಹಿಸಿಕೊಳ್ಳೋಣ. ಚಿಕ್ಕಪೇಟೆಯ ಸಗಟು ವ್ಯಾಪಾರಿಯ ಆರ್ಡರ್ ಬೆಳಿಗ್ಗೆ ಲಿನಕ್ಸ್‌ನಲ್ಲಿ ಬಂದಿಳಿಯಿತು. ಮಧ್ಯಾಹ್ನ ಗುಮಾಸ್ತರು ವಿಂಡೋಸ್‌ನಲ್ಲಿ ಬಿಲ್ಲು ಮಾಡಲು ಕುಳಿತರೆ ಪತ್ರವೇ ಇಲ್ಲ. ಪಾಪ್ ವಿಧಾನದಲ್ಲಿ, ಸರ್ವರಿನಲ್ಲಿ ಪ್ರತಿ ಉಳಿಸಲು ಸೂಚಿಸಿರದಿದ್ದರೆ, ಮೊದಲು ತೆರೆದ ಕಡೆಗೆ ಪತ್ರ ಇಳಿದು ಸರ್ವರಿನಿಂದ ಅಳಿಸಿಹೋಗುತ್ತದೆ. ಪಾವತಿಯ ತಕರಾರು ಎದ್ದಾಗ ಆ ಪತ್ರವೇ ಸಾಕ್ಷಿಯಲ್ಲವೇ?

ಐಮ್ಯಾಪ್ ವಿಧಾನ ದೊರೆತರೆ ಅದನ್ನೇ ಆರಿಸಿಕೊಳ್ಳಿ; ಪತ್ರ ಸರ್ವರಿನಲ್ಲಿ ಉಳಿದು ಎರಡೂ ಕಡೆ ಕಾಣುತ್ತದೆ. ಸರ್ವರಿನಲ್ಲಿ ಸ್ಥಳ ಸಾಲದೆ ಪತ್ರಗಳನ್ನು ಇಳಿಸಿಕೊಳ್ಳಲೇಬೇಕಾದವರಿಗೆ ಥಂಡರ್‌ಬರ್ಡ್ ತಂತ್ರಾಂಶ ಉಪಯುಕ್ತ. ಪತ್ರಗಳು, ವಿಳಾಸಗಳು, ಗುಪ್ತಪದಗಳೆಲ್ಲವೂ ಅದರ ‘ಪ್ರೊಫೈಲ್’ ಎಂಬ ಒಂದೇ ಫೋಲ್ಡರಿನಲ್ಲಿರುತ್ತವೆ. ಅದನ್ನು ವಿಂಡೋಸ್ ಮತ್ತು ಲಿನಕ್ಸ್ ಎರಡೂ ಓದಬಲ್ಲವು. ಮೊದಲು ಈ ಫೋಲ್ಡರಿನ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ತೆಗೆದಿಡಿ. ಅನಂತರ ಥಂಡರ್‌ಬರ್ಡ್ ಮುಚ್ಚಿ, ಫೋಲ್ಡರನ್ನು ಎರಡೂ ಸಿಸ್ಟಂಗಳಿಗೆ ಎಟಕುವ ಪ್ರತ್ಯೇಕ ಡ್ರೈವಿಗೆ, ‘ಡಿ’ ಡ್ರೈವ್ ಎನ್ನೋಣ, ನಕಲಿಸಿರಿ. ಪ್ರೊಫೈಲ್ ಮ್ಯಾನೇಜರ್ ತೆರೆದು, ಹೊಸ ಪ್ರೊಫೈಲ್ ರಚಿಸುವಾಗ ‘ಫೋಲ್ಡರ್ ಆಯ್ಕೆ’ ಎಂಬಲ್ಲಿ ಇದೇ ಫೋಲ್ಡರನ್ನು ತೋರಿಸಿರಿ. ಲಿನಕ್ಸ್‌ನಲ್ಲಿಯೂ ಹಾಗೆಯೇ ಮಾಡಬೇಕು. ಅಲ್ಲಿ ಯಂತ್ರ ಆರಂಭವಾದೊಡನೆ ಆ ಡ್ರೈವ್ ತಾನಾಗಿ ತೆರೆದುಕೊಳ್ಳುವಂತಿರಬೇಕು, ಇಲ್ಲವಾದರೆ ಪ್ರೊಫೈಲ್ ಸಿಗಲಿಲ್ಲವೆಂಬ ಸೂಚನೆ ಬರುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಸಂಗತಿಯಲ್ಲಿ. ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಚಾಲ್ತಿಯಲ್ಲಿದ್ದರೆ, ಯಂತ್ರವನ್ನು ಮುಚ್ಚಿದರೂ ವಿಂಡೋಸ್ ಪೂರ್ಣವಾಗಿ ನಿಲ್ಲದೆ ಅರೆನಿದ್ರೆಯಲ್ಲಿರುತ್ತದೆ. ಆಗ ಲಿನಕ್ಸ್ ಆ ಡ್ರೈವನ್ನು ಓದಲು ಮಾತ್ರ ತೆರೆಯಬಹುದು. ಬಲವಂತವಾಗಿ ಬರೆದರೆ ಕಡತಗಳು ಕೆಡಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಇದನ್ನು ನಿಲ್ಲಿಸದೆ ಈ ಕೆಲಸಕ್ಕೆ ಕೈಹಾಕಬೇಡಿರಿ. ಅಂತೆಯೇ ಎರಡೂ ಕಡೆ ಥಂಡರ್‌ಬರ್ಡ್‌ನ ಆವೃತ್ತಿ ಒಂದೇ ಇರಲಿ. 2019ರಿಂದೀಚೆಗೆ, ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿ ತೆರೆಯಲು ನಿರಾಕರಿಸುತ್ತದೆ. ಗುಪ್ತಪದಗಳೂ ಅದೇ ಡ್ರೈವಿನಲ್ಲಿರುವುದರಿಂದ ‘ಪ್ರೈಮರಿ ಪಾಸ್‌ವರ್ಡ್’ ಹಾಕಿಕೊಳ್ಳುವುದು ಕ್ಷೇಮ.

ಬ್ರೌಸರಿಗೆ ಇಷ್ಟು ಶ್ರಮ ಬೇಕಿಲ್ಲ. ಫೈರ್‌ಫಾಕ್ಸ್ ಪ್ರೊಫೈಲನ್ನೂ ಹೀಗೆ ಹಂಚಿಕೊಳ್ಳಬಹುದಾದರೂ, ಅದರ ಸಿಂಕ್ ಸೌಲಭ್ಯದಿಂದ ಬುಕ್‌ಮಾರ್ಕ್, ಗುಪ್ತಪದಗಳನ್ನು ಎರಡೂ ಕಡೆ ಪಡೆಯುವುದೇ ಮೇಲೆಂದು ನನ್ನ ಅಭಿಪ್ರಾಯ. ಕ್ರೋಮ್ ಬಳಸುವವರು ಫೋಲ್ಡರ್ ನಕಲಿಸಿ ಪ್ರಯೋಜನವಿಲ್ಲ. ವಿಂಡೋಸ್‌ನಲ್ಲಿ ಅದು ಗುಪ್ತಪದಗಳನ್ನು ವಿಂಡೋಸ್‌ನದೇ ಕೀಲಿಯಿಂದ ಭದ್ರಪಡಿಸುವುದರಿಂದ ಲಿನಕ್ಸ್‌ಗೆ ಅವು ತೆರೆಯುವುದಿಲ್ಲ. ಅವರಿಗೆ ಗೂಗಲ್ ಖಾತೆಯ ಸಿಂಕ್ ಸುಲಭ ದಾರಿ.